ಸೊಂಡಿಲು ಮುರಿದ ಆನೆ

ಕೊಟ್ಟೂರು, ಭಾನುವಾರ, 12 ಜನವರಿ 2025

ರಾತ್ರಿ ಊಟ ಸೇರಲಿಲ್ಲ. ಗಂಡನ ಕೈ ನೋಡಲೂ ಮನಸ್ಸಿಲ್ಲ.

ಇವರಿಗೆ ಪಿನ್ನುಗಳ ಹುಚ್ಚು. ಹಂಪಿ, ಬಾದಾಮಿ, ಬಂಡೀಪುರ, ಎಲ್ಲಿ ಹೋದರೂ ಆ ಜಾಗದ ಚಿತ್ರವಿರುವ ಪಿನ್ನು ಕೊಂಡು ತಂದು ಪಡಸಾಲೆಯ ಬೋರ್ಡಿಗೆ ಚುಚ್ಚುತ್ತಾರೆ. ನನಗೂ ಅದು ಇಷ್ಟವಿತ್ತು. ಮದುವೆಯಾದ ಮೇಲೆ ನಾವಿಬ್ಬರೂ ತಿರುಗಿದ್ದೆಲ್ಲ ಅಲ್ಲಿದೆ.

ಇವತ್ತು ಗುಡೇಕೋಟೆಯ ಕೋಟೆ ಹತ್ತಿದೆವು. ಅಲ್ಲಿ ಪಿನ್ನು ಮಾರುವವರು ಎಲ್ಲಿಂದ ಬರಬೇಕು? ಇಳಿಯುವಾಗ ಬೆನ್ನ ಹಿಂದೆ ಟಣ್ ಎಂದು ಸದ್ದಾಯಿತು. ತಿರುಗಿ ನೋಡಿದರೆ, ಮೆಟ್ಟಿಲ ಪಕ್ಕದ ಪುಟ್ಟ ಕಲ್ಲಾನೆಯ ಸೊಂಡಿಲನ್ನು ಇವರು ಕಲ್ಲಿನಿಂದ ಜಜ್ಜಿ ಮುರಿದಿದ್ದರು.

ಮೇಕೆ ಕಾಯುತ್ತಿದ್ದ ಮುದುಕಿಯೊಬ್ಬಳು, "ಅಯ್ಯ, ಅದೇನು ಮಾಡಿತ್ರಿ ನಿಮಗ?" ಎಂದಳು.

"ಹಾಳು ಬಿದ್ದೈತಿ, ಬಿಡಬೇ ಯವ್ವ," ಎಂದು ಇವರು ತುಂಡನ್ನು ಜೇಬಿಗಿಳಿಸಿದರು. ನಾನು ತಲೆ ಎತ್ತದೆ ಇಳಿದೆ.

ಸಂಜೆ ಅದಕ್ಕೊಂದು ಪಿನ್ನು ಅಂಟಿಸಿ, ಬೋರ್ಡಿಗೆ ಚುಚ್ಚಿ, ಪಕ್ಕದ ಮನೆಯ ಗುರುಸಂಗಪ್ಪನವರನ್ನು ಕರೆದು ತೋರಿಸಿದರು. ಹಿರಿಯರು, ಬೈದಾರು ಎಂದು ಕಾದೆ.

"ಭಾಳ ಚೆಂದ ಐತಲೋ ಬಸವೇಶ್! ಅದರ ಕಿವಿ ಇನ್ನೂ ಅದಾವೇನು? ನನಗೊಂದು ತಂದು ಕೊಡು."

ಇಬ್ಬರೂ ನಕ್ಕರು. ನಾನು ಮಾಡಿಕೊಟ್ಟ ಚಹಾ ಕುಡಿಯುತ್ತ ನಕ್ಕರು. ಥೂ.

ತುಂಡು ಈಗ ನನ್ನ ಬ್ಯಾಗಿನಲ್ಲಿದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಆನೆಯ ಕಾಲ ಬಳಿ ಇಟ್ಟು ಬರುತ್ತೇನೆ. ಕೂಡುವುದಿಲ್ಲ, ಗೊತ್ತು. ಇವರು ಎದ್ದು ಕೇಳಿದರೆ ಕೇಳಲಿ. ಹೇಳುವುದು ಬಹಳ ಇದೆ, ಆದರೆ ಮೊದಲು ಅದನ್ನು ಈ ಮನೆಯಿಂದ ಹೊರಗೆ ಒಯ್ಯಬೇಕು.