ಗುರುತಿಲ್ಲದ ನಂಬರಿನ ಅಕ್ಕ

ದಾಸನಕೊಪ್ಪ

ಮುದ್ದಿನ ಮೊಮ್ಮಗಳು ಶಿವರಂಜನಿಗೆ ಅಜ್ಜಿಯ ಆಶೀರ್ವಾದ.

ಹೆಸರಿಲ್ಲದ ನಂಬರುಗಳೆಲ್ಲ ತಾವಾಗಿಯೇ ಬ್ಲಾಕ್ ಆಗುವಂತೆ ನೀನು ನನ್ನ ಫೋನಿಗೆ ಮಾಡಿಕೊಟ್ಟು ಹೋದ ಮೇಲೆ, ಲಾಟರಿ ಬಂದಿದೆ, ಬ್ಯಾಂಕಿನ ಖಾತೆ ಬಂದಾಗುತ್ತದೆ ಎನ್ನುವ ಕಳ್ಳರ ಕಾಟ ನಿಂತೇ ಹೋಯಿತು.

ಆದರೆ ಯಲ್ಲಾಪುರದ ನಮ್ಮ ನೀಲವ್ವಕ್ಕನಿಗೆ ಸ್ವಂತ ಫೋನಿಲ್ಲವಲ್ಲ. ತನ್ನ ಚಹಾದಂಗಡಿಗೆ ಬಂದ ಲಾರಿ ಡ್ರೈವರುಗಳ ಫೋನು ಇಸಿದುಕೊಂಡು ಮಾತಾಡುವವಳು, ಸಲಕ್ಕೊಂದು ನಂಬರು. ಅದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಅಕ್ಕ ನನ್ನನ್ನು ಮರೆತಳು ಎಂದುಕೊಂಡು ನಾನು ಸುಮ್ಮನಿದ್ದೆ. ನಿನ್ನೆ ಅವಳೇ ಬಸ್ಸು ಹತ್ತಿ ಬಂದು, ಚೀಲ ಕೆಳಗಿಡದೆ ಬಾಗಿಲಲ್ಲಿ ನಿಂತು ಕೇಳಿದಳು: "ಶಾರದೀ, ನನ್ನ ಮ್ಯಾಲೆ ಯಾಕ ಸಿಟ್ಟಾಗೀದಿ?"

ವಿಷಯ ಹೇಳಿದೆ. "ಹಂಗಾರ ನಿನ್ನ ಮೊಮ್ಮಗಳು ನನ್ನೂ ಕಳ್ಳರ ಸಾಲಿನಾಗ ನಿಲ್ಲಿಸ್ಯಾಳ ಅನ್ನು" ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು. ಫೋನು ಸರಿಯಾಗುವ ತನಕ ಊರಿಗೆ ಹೋಗುವುದಿಲ್ಲವಂತೆ. ಅದನ್ನು ಸರಿಮಾಡುವವರು ನಿನ್ನ ಬಿಟ್ಟು ಯಾರೂ ಇಲ್ಲ ಎಂದು ನಾನೂ ಹೇಳಿಬಿಟ್ಟಿದ್ದೇನೆ.

ಫೋನಿನಲ್ಲಿ ಹೇಳೋಣವೆಂದರೆ ಅಕ್ಕ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಈ ಪತ್ರ. ಶನಿವಾರ ಅವಳೆದುರಿಗೇ ಫೋನು ಮಾಡಿ, ಬೇಗ ಬಾ ಎಂದು ನಿನ್ನನ್ನು ಗದರುತ್ತೇನೆ. ನೀನು ಹದಿನೈದು ದಿನ ಪುರುಸೊತ್ತಿಲ್ಲ ಎಂದುಬಿಡು ಮಗಳೇ.

ನಿನ್ನ
ಶಾರದವ್ವಜ್ಜಿ