ರುಹಿಯತ್ ಇಳಿದ ಪ್ಯಾರಾಶೂಟ್

ಬಾಂಡುಂಗ್
೧೧ ಮಾರ್ಚ್ ೨೦೦೨

ನನ್ನ ಯಾಯಾ,

ನಿನ್ನ ಕಾಗದ ಓದಿದೆ. ಅಮ್ಮ ಹೊಲಿದ ಪ್ಯಾರಾಶೂಟಿನಲ್ಲೇ ನನ್ನ ಗಂಡ ರುಹಿಯತ್ ಪರೀಕ್ಷೆಯ ದಿನ ಇಳಿದ ಎಂದು ಬೀದಿಗೆಲ್ಲ ಸುರಾಬಿ ದೋಸೆ ಸುಟ್ಟು ಹಂಚಿದೆಯಂತೆ. ಚಿಕ್ಕಂದಿನಿಂದಲೂ ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಇನ್ನು ಸಾಕು ಮಾಡು.

ಒಂದು ವಿಷಯ ಹೇಳುತ್ತೇನೆ, ಯಾಕೆ ಎಂದು ಕೇಳಬೇಡ. ಏಪ್ರಿಲ್‌ನಲ್ಲಿ ಅವನ ತುಕಡಿಯ ಮೂವತ್ತು ಜನ ನಮ್ಮ ಕಾರ್ಖಾನೆಯ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುತ್ತಾರೆ. ರುಹಿಯತ್ ಹೋಗಬಾರದು. ಕಾಲು ಉಳುಕಿದೆ ಎನ್ನಲಿ, ಹೊಟ್ಟೆ ಕೆಟ್ಟಿದೆ ಎನ್ನಲಿ.

ಕೇಳದೆ ಬಿಡುವವಳಲ್ಲ ನೀನು, ನಾನೇ ಹೇಳಿಬಿಡುತ್ತೇನೆ. ಮರಳು ಮೂಟೆ ಕಟ್ಟಿ ಎಸೆದು ನೋಡಿದಾಗ ಹತ್ತರಲ್ಲಿ ಎರಡು ಬಿಚ್ಚಿಕೊಳ್ಳಲೇ ಇಲ್ಲ. ತಪ್ಪು ಹೊಲಿಗೆಯದಲ್ಲ, ಇಲ್ಲಿ ನೇಯ್ದ ಬಟ್ಟೆಯದು. ಸೆಕೆಗೆ ಮಡಿಕೆಗಳು ಅಂಟಿಕೊಳ್ಳುತ್ತವೆ. ಹುಡುಗರು ಜಿಗಿಯುವುದು ತೀರ ಕೆಳಗಿನಿಂದ, ಎದೆಗೆ ಕಟ್ಟಿದ ಎರಡನೆಯ ಪ್ಯಾರಾಶೂಟನ್ನು ಬಿಚ್ಚುವಷ್ಟು ಹೊತ್ತಿರುವುದಿಲ್ಲ. ಮೇಸ್ತ್ರಿ ಕೋಸಿಮ್ ಅವರಿಗೆ ಹೇಳಿದೆ. ಅವರು ನನ್ನ ಮುಖ ನೋಡದೆ, "ಇಮಾಸಕ್ಕ, ಹೊರದೇಶದೋರು ನಮ್ಗೆ ಪ್ಯಾರಾಶೂಟ್ ಮಾರೋದು ನಿಲ್ಸಿ ಮೂರು ವರ್ಷ ಆಯ್ತು. ಅವರ ಹಳೇವು ಕೈ ಹಾಕಿದ್ರೆ ಹರೀತವೆ. ನಮ್ದಾದ್ರೆ ಹತ್ರಲ್ಲಿ ಎಂಟಾದ್ರೂ ಬಿಚ್ಕೊಳ್ತವೆ. ನೀವೇ ಹೇಳಿ, ಹುಡುಗ್ರಿಗೆ ಯಾವ್ದು ಕೊಡ್ಲಿ?" ಎಂದರು.

ಒಳ್ಳೆಯ ಬಟ್ಟೆ ನಾವೇ ನೇಯಬಲ್ಲೆವು, ಒಂದು ವರ್ಷ ಬೇಕು. ಆ ವರ್ಷವನ್ನು ಕೊಡುವವರು ಯಾರೂ ಇಲ್ಲ. ದಿನವೂ ಹೊಲಿಯುತ್ತಿದ್ದೇನೆ. ನಾನು ಬಿಟ್ಟರೆ ಪಕ್ಕದವಳು ಹೊಲಿಯುತ್ತಾಳೆ, ಅವಳ ಕೈ ನನ್ನಷ್ಟು ನೆಟ್ಟಗಿಲ್ಲ. ತುಂಬಾ ಹೆದರಿಕೆಯಾಗುತ್ತದೆ ಮಗಳೇ. ಯಾರ ಹತ್ತಿರ ಹೇಳಿಕೊಳ್ಳಲಿ?

ಈ ಕಾಗದವನ್ನು ರುಹಿಯತ್‌ಗೆ ತೋರಿಸಬೇಡ. ಜೊತೆಯವರನ್ನು ಮುಂದೆ ಕಳಿಸಿ ತಾನು ಹಿಂದೆ ನಿಲ್ಲುವವನಲ್ಲ ಅವನು.

ನಿನ್ನ ಅಮ್ಮ,
ಇಮಾಸ್

ತಾ.ಕ.: ಪರೀಕ್ಷೆಯ ದಿನ ರುಹಿಯತ್ ಇಳಿದದ್ದು ನಾನು ಹೊಲಿದದ್ದರಲ್ಲಿ ಅಲ್ಲ. ಉಗ್ರಾಣದಲ್ಲಿ ಹೊರದೇಶದ್ದು ಒಂದೇ ಒಂದು ಗಟ್ಟಿಯಾಗಿ ಉಳಿದಿತ್ತು. ಯಾರಿಗೂ ಹೇಳದೆ ಅದಕ್ಕೆ ನಮ್ಮ ಕಾರ್ಖಾನೆಯ ಪಟ್ಟಿ ಹೊಲಿದು ಅವನ ಬೆನ್ನಿಗೆ ಕಟ್ಟಿಸಿದೆ. ಅದು ಚೆನ್ನಾಗಿ ಬಿಚ್ಚಿಕೊಂಡದ್ದನ್ನು ನೋಡಿಯೇ ಸೇನೆಯ ದೊಡ್ಡವರು ನಮ್ಮ ಮೂವತ್ತು ಪ್ಯಾರಾಶೂಟಿಗೂ ಒಪ್ಪಿ ಸಹಿ ಹಾಕಿದ್ದು.