ಬಾಟಲಿಗೊಂದು ಚಮಚ ಸಕ್ಕರೆ

ಹ್ಯೂವನ್‌ವಿಲ್, ಟಾಸ್ಮೇನಿಯಾ
ಭಾನುವಾರ

ಅಕ್ಕಾ,

ಮಾವ ಮೊಳಕೆ ಬಾರ್ಲಿಯಿಂದ ಕ್ರಿಸ್‌ಮಸ್‌ಗೆಂದು ಮಾಡಿಟ್ಟ ಬಿಯರ್ ಬಾಟಲಿಗಳು ನಿನ್ನೆಯಿಂದ ಶೆಡ್ಡಿನಲ್ಲಿ ಒಂದೊಂದಾಗಿ ಸಿಡಿಯುತ್ತಿವೆ. ನೊರೆ ಬರಲೆಂದು ಅವರು ಬಾಟಲಿಗೊಂದು ಚಮಚ ಸಕ್ಕರೆ ಹಾಕಿದ್ದರು. ಮರೆತಿರಬೇಕೆಂದು ಅತ್ತೆಯೂ ಗುಟ್ಟಾಗಿ ಒಂದೊಂದು ಹಾಕಿದರಂತೆ. ಸಕ್ಕರೆ ಹೆಚ್ಚಾದರೆ ಒಳಗೆ ಗಾಳಿ ತುಂಬಿ ಬಾಟಲಿಯೇ ಒಡೆಯುತ್ತದೆ.

"ನಿನ್ನ ಯಾರ್ ಕೇಳಿದ್ರು, ಮರ್ಲ್?" ಎಂದರು ಮಾವ.

"ಹೋದ್ಸಲ ಸಕ್ಕರೆ ಮರ್ತು ಬೀದಿಗೆಲ್ಲ ಕಷಾಯ ಕುಡಿಸಿದ್ದು ಯಾರು?" ಎಂದರು ಅತ್ತೆ.

"ಸೊಸೇನ ನೋಡಿ ಕಲಿ. ತನ್ನ ಪಾಡಿಗೆ ತಾನಿರ್ತಾಳೆ."

ಉಳಿದವು ಸಿಡಿಯುವ ಮೊದಲೇ ಮುಗಿಸಲು ಬೀದಿಯವರೆಲ್ಲ ಬಂದು ಕೂತಿದ್ದಾರೆ. ಮುಚ್ಚಳ ತೆಗೆದರೆ ಅರ್ಧ ಸೂರಿಗೆ, ಅರ್ಧ ಲೋಟಕ್ಕೆ. ನೀನು ಕೇಳಿದ್ದೆಯಲ್ಲ, ನನ್ನ ಕೆಮ್ಮು ವಾಸಿಯಾಗಿದೆ.

ಮೂರನೆಯ ಚಮಚ ನನ್ನದು, ಅಕ್ಕಾ. ಅದಕ್ಕೇ ಎಂದಿನಂತೆ ಮಾವನ ಕೈಗೆ ಕೊಡುವ ಬದಲು ಈ ಸಲ ಕಾರ್ಡನ್ನು ನಾನೇ ಅಂಚೆ ಡಬ್ಬಕ್ಕೆ ಹಾಕಿಬರುತ್ತೇನೆ.

ನಿನ್ನ ಟೆಸ್